ಓದುವಾಗ ಬಿಟ್ಟ ಹೆಸರು

ಸಿಂಗಟಗೆರೆಯ ಒಂದೂಕಾಲು ಎಕರೆಯನ್ನು ಅಜ್ಜಿ ಕೇಸು ನಡೆಸಿ ಗೆದ್ದಳು ಎಂದು ನಿಮ್ಮಮ್ಮ ನಿಮಗೆಲ್ಲ ಹೇಳಿದ್ದಾಳೆ. ಆಗ ಅವಳಿಗೆ ಮೂರು ವರ್ಷ. ಅವಳಿಗೆ ನೆನಪಿರುವುದು ರೈಲು, ಬೀರೂರಿನಲ್ಲಿ ಇಂಜಿನ್ನಿಗೆ ನೀರು ತುಂಬುವುದು, ಅಷ್ಟೇ. ಗೆದ್ದೆ ಎನ್ನುವ ಮಾತು ಪೂರಾ ಸರಿಯಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಕೈ ಬರುತ್ತದೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ನಿಮ್ಮ ತಾತ ವಿಷಮಶೀತ ಜ್ವರದಲ್ಲಿ ಹೋದರು. ತಿಥಿ ಮುಗಿದ ಮೇಲೆ ನಮ್ಮ ಭಾವ, ಎಂದರೆ ನಿಮ್ಮ ತಾತನ ಅಣ್ಣ, ತಮ್ಮ ಹೆಂಡತಿಯ ಕೈಲಿ ಹೇಳಿಸಿದರು: "ತವರಿನಲ್ಲಿ ಒಂದು ತಿಂಗಳು ಇದ್ದು ಬರಲಿ." ನಾನು ಮಗು ಎತ್ತಿಕೊಂಡು ಅಜ್ಜಂಪುರಕ್ಕೆ ಬಂದೆ. ಇಪ್ಪತ್ತನೇ ದಿನ ಒಂದು ಎತ್ತಿನ ಗಾಡಿ ಬಂತು. ಅದರಲ್ಲಿ ನನ್ನ ಮದುವೆಯಲ್ಲಿ ಕೊಟ್ಟಿದ್ದ ತಾಮ್ರದ ಹಂಡೆ ಇತ್ತು. ಗಾಡಿಯವನು ಅದನ್ನು ಇಳಿಸಿ ಎತ್ತು ತಿರುಗಿಸಿದ. ಹಂಡೆ ವಾಪಸ್ಸು ಬಂತೆಂದರೆ ಆ ಮನೆಯಲ್ಲಿ ಒಲೆ ಇಲ್ಲ ಎಂದರ್ಥ.

ಇಬ್ಬರು ಅಣ್ಣತಮ್ಮಂದಿರಿಗೆ ಸೇರಿ ಐದು ಎಕರೆ. ಎರಡೂವರೆ ಕೆರೆಯ ಕೆಳಗಿನ ಗದ್ದೆ, ಎರಡೂವರೆ ಮೇಲಿನ ಹೊಲ. ಗಂಡುಮಗುವಿಲ್ಲದ ವಿಧವೆಗೆ ಪಾಲಿಲ್ಲ ಎಂದು ಭಾವ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಪಾಲು ಬರದಿದ್ದರೆ ನಾನು ಮತ್ತು ನಿಮ್ಮಮ್ಮ ತವರಿನಲ್ಲಿ ನನ್ನ ಅಣ್ಣನ ಮನೆಯ ಮೂಲೆಯಲ್ಲಿ ಬದುಕು ಸವೆಸಬೇಕಿತ್ತು. ಅತ್ತಿಗೆ ಕೆಟ್ಟವಳಲ್ಲ. ಆದರೂ ಊಟಕ್ಕೆ ಕೂತಾಗ ನಿಮ್ಮಮ್ಮ ಇನ್ನೊಂದು ಮುದ್ದೆ ಕೇಳಿದರೆ ನಾನು ಅವಳ ತೊಡೆಯನ್ನು ಮೆಲ್ಲಗೆ ಚಿವುಟುತ್ತಿದ್ದೆ. ಮೂರು ವರ್ಷದ ಮಗು ಅರ್ಥ ಮಾಡಿಕೊಂಡು ಕೈ ಹಿಂದಕ್ಕೆ ತೆಗೆಯುತ್ತಿತ್ತು.

ಅಣ್ಣ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಅವನು ಮೊದಲು ತರೀಕೆರೆಗೆ ಹೋಗಿ ಬಂದ. ಅಲ್ಲಿ ಕೋರ್ಟಿನ ಮುಂದೆ ಹೋಟೆಲಿನಲ್ಲಿ ಕೂರುವ ಒಬ್ಬ ಮನುಷ್ಯ, "ಗೆದ್ರೆ ಅರ್ಧ ಜಮೀನು ವಕೀಲರಿಗೆ, ಸೋತ್ರೆ ನಯಾಪೈಸೆ ಬೇಡ," ಎಂದನಂತೆ. ನಯಾಪೈಸೆ ಆಗ ಹೊಸದು, ಎಲ್ಲರ ಬಾಯಲ್ಲೂ ಅದೇ. ಅಣ್ಣನಿಗೆ ಇದು ಒಪ್ಪಿಗೆಯಾಯಿತು. ಆದರೆ ಜಮೀನು ಇದ್ದದ್ದು ಕಡೂರು ತಾಲ್ಲೂಕಿನಲ್ಲಿ, ದಾವೆ ಕಡೂರಿನಲ್ಲೇ ಹಾಕಬೇಕು ಎಂದು ಗೊತ್ತಾಯಿತು. ಹಾಗೆ ನಾವು ಕಡೂರಿನ ವಕೀಲರ ಹತ್ತಿರ ಹೋದೆವು. ಅಣ್ಣ, ನಾನು, ಮಗು, ಜೊತೆಗೆ ನಮ್ಮ ಸೋದರತ್ತೆ.

ವಕೀಲರಿಗೆ ಅರವತ್ತು ದಾಟಿತ್ತು. ಅಣ್ಣ ಊರಲ್ಲಿ ಅವರನ್ನು ಬ್ಯಾರಿಸ್ಟರು ಎಂದೇ ಹೇಳುತ್ತಿದ್ದ. ಅವರ ಮುಂದೆಯೂ ಹಾಗೇ ಅಂದುಬಿಟ್ಟ.

"ಬ್ಯಾರಿಸ್ಟರು ವಿಲಾಯಿತಿಗೆ ಹೋಗಿ ಬಂದಿರ್ತಾರೆ ಕಣಪ್ಪ. ನಾನು ಬೀರೂರು ದಾಟಿದ್ರೆ ನೆಗಡಿ ಆಗುತ್ತೆ," ಎಂದರು ಅವರು.

ಆ ಆಫೀಸಿನ ಪಡಸಾಲೆಯಲ್ಲಿ ನಾನು ಕಂಡದ್ದು ಇಂದಿಗೂ ಕಣ್ಣಲ್ಲಿದೆ. ಒಂದು ಮೂಲೆಯಲ್ಲಿ ತೆಂಗಿನಕಾಯಿಯ ರಾಶಿ, ಇನ್ನೊಂದು ಮೂಲೆಯಲ್ಲಿ ಎರಡು ಚೀಲ ರಾಗಿ. ಒಬ್ಬ ಬಡಗಿ ಬಾಗಿಲಿನ ಚಿಲಕ ಸರಿಮಾಡುತ್ತಿದ್ದ. ಅವನೂ ಕಕ್ಷಿಗಾರನೇ ಎಂದು ಆಮೇಲೆ ತಿಳಿಯಿತು.

ಅಣ್ಣ ತರೀಕೆರೆಯ ಮಾತು ಎತ್ತಿದ. ವಕೀಲರು ಕನ್ನಡಕ ತೆಗೆದರು.

"ಜಮೀನಲ್ಲಿ ಪಾಲು ತಗೊಂಡ್ರೆ ಅವನು ವಕೀಲ ಅಲ್ಲ ಕಣಯ್ಯ, ದಾಯಾದಿ. ಇವಳಿಗೆ ಇರೋ ದಾಯಾದಿ ಒಬ್ಬ ಸಾಲದೇನು? ನೋಡು, ವಕೀಲನ್ನ ಇಟ್ಕೊಳ್ಳೋಕೆ ಒಂದೇ ದಾರಿ ಅಂತಿಲ್ಲ. ಇಡೀ ಕೇಸು ನನ್ನ ತಲೆ ಮೇಲೆ ಹಾಕ್ಬಹುದು, ಅದಕ್ಕೊಂದು ಫೀಸು. ವಾಯಿದೆಗೆ ಇಷ್ಟು ಅಂತ ಕೊಡ್ಬಹುದು, ಕೇಸು ಎಳೆದ್ರೆ ನಿಮಗೆ ನಷ್ಟ. ಇಲ್ಲ, ಅರ್ಜಿ ಮಾತ್ರ ನನ್ನ ಹತ್ರ ಬರೆಸ್ಕೊಂಡು, ಕೋರ್ಟಲ್ಲಿ ಈಕೆನೇ ನಿಂತು ಮಾತಾಡ್ಬಹುದು. ಅದು ಎಲ್ಲಕ್ಕಿಂತ ಸೋವಿ."

ಅಣ್ಣ ನಕ್ಕ. "ಇವಳು ಮಾತಾಡೋದಾ ಸ್ವಾಮಿ? ಹಾಲು ಕುಡಿದು ಹೋಗೋ ಬೆಕ್ಕಿಗೂ ಛೀ ಅನ್ನೋಳಲ್ಲ."

ವಾಯಿದೆ ಎಂದರೆ ಕೋರ್ಟಿನಲ್ಲಿ ನಮ್ಮ ಕೇಸು ಕರೆಯುವ ದಿನ. ವಾಯಿದೆಯ ಲೆಕ್ಕವೇ ಆಗಲಿ ಎಂದು ಅಣ್ಣ ಒಪ್ಪಿದ. ಅಷ್ಟನ್ನೂ ಎಲ್ಲಿಂದ ತರುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ವಕಾಲತ್ತಿನ ಕಾಗದ ನನ್ನ ಮುಂದೆ ಬಂತು. ಇನ್ನು ನನ್ನ ಪರವಾಗಿ ಇವರು ಮಾತಾಡುತ್ತಾರೆ ಎಂದು ಬರೆದುಕೊಡುವ ಕಾಗದ ಅದು. ಗುಮಾಸ್ತರು ಹೆಬ್ಬೆಟ್ಟಿಗೆ ಶಾಯಿ ಪೆಟ್ಟಿಗೆ ತೆರೆದರು. ನಾನು ತಲೆ ತಗ್ಗಿಸಿಕೊಂಡೇ ಲೇಖನಿ ತೆಗೆದುಕೊಂಡು ಗಂಗಮ್ಮ ಎಂದು ಸಹಿ ಹಾಕಿದೆ. ನನ್ನ ನಾಲಿಗೆಯನ್ನೇ ಅವರ ಕೈಗೆ ಒಪ್ಪಿಸಿದ ಹಾಗೆ ಹಗುರವಾಯಿತು.

ವಕೀಲರು ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಎಷ್ಟನೇ ಕ್ಲಾಸು ತಾಯಿ?"

"ನಾಲ್ಕು," ಎಂದ ಅಣ್ಣ.

ಅವರು ಒಂದು ಹಳೆಯ ಅರ್ಜಿ ಕೊಟ್ಟು ಎಂಟು ಸಾಲು ನಕಲು ಮಾಡಿಸಿದರು. ನಮ್ಮೂರ ಶಾಲೆಯ ಮೇಷ್ಟ್ರು ಅಕ್ಷರ ಸೊಟ್ಟಗಾದರೆ ಬಳಪದ ಕೈಗೇ ಹೊಡೆಯುತ್ತಿದ್ದರು, ಅದು ಅವತ್ತು ಉಪಯೋಗಕ್ಕೆ ಬಂತು. ವಕೀಲರು ಗುಮಾಸ್ತರ ಕಡೆ ತಿರುಗಿ, "ನಿನಗಿಂತ ಚೆನ್ನಾಗಿದೆಯಲ್ಲಯ್ಯ," ಎಂದರು. ಆಮೇಲೆ ನನಗೆ: "ನಮ್ಮಲ್ಲಿ ನಕಲು ಮಾಡೋ ಕೆಲಸ ಬೇಕಾದಷ್ಟಿದೆ. ಪ್ರತಿಯೊಬ್ಬ ಪ್ರತಿವಾದಿಗೂ ಒಂದೊಂದು ಪ್ರತಿ ಕೊಡಬೇಕು. ಮೂವತ್ತು ಪುಟ ಬರೆದ್ರೆ ನಿನ್ನದೊಂದು ವಾಯಿದೆ ತೀರಿತು ಅಂತ ಇಟ್ಕೋ. ಬಡಗಿ ಚಿಲಕ ಹಾಕ್ತಾನೆ, ನೀನು ಅಕ್ಷರ ಹಾಕು."

ಅಣ್ಣ ಛಾಪಾ ಕಾಗದ ತರಲು ಖಜಾನೆಗೆ ಹೋದ. ಗುಮಾಸ್ತರು ದಾವೆ ಅರ್ಜಿಗೆ ವಿವರ ಕೇಳಿ ಬರೆದುಕೊಳ್ಳತೊಡಗಿದರು.

"ಗಂಡನ ಹೆಸರು?"

ನಾನು ಸೆರಗು ಎಳೆದುಕೊಂಡೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಿದರೆ ಅವರ ಆಯಸ್ಸು ಸವೆಯುತ್ತದೆ ಎಂದು ನಮ್ಮನ್ನು ಬೆಳೆಸಿದ್ದರು. ಸೋದರತ್ತೆಯಾದರೂ ಹೇಳಬಹುದಿತ್ತು. ಆದರೆ ಅತ್ತೆಯ ಗಂಡನ ಹೆಸರೂ 'ವೀರ' ಎಂದೇ ಶುರುವಾಗುತ್ತಿತ್ತು. ಆ ಎರಡಕ್ಷರ ಅವಳ ಬಾಯಲ್ಲೂ ಬರುವ ಹಾಗಿರಲಿಲ್ಲ.

"ಕಲ್ಲತ್ತಿಗಿರಿ ದೇವರ ಹೆಸರು ಕಣಪ್ಪ," ಎಂದಳು ಅತ್ತೆ.

ಗುಮಾಸ್ತರಿಗೆ ಇಂಥ ಒಗಟು ಬಿಡಿಸುವುದು ದಿನದ ಕೆಲಸ. "ಮೊನ್ನೆ ಒಬ್ಬಳು, 'ಸಂತೆ ಆದ ಮಾರನೇ ದಿನ' ಅಂದ್ಲು. ಯಾವೂರ ಸಂತೆನಮ್ಮ ಅಂತ ಕೇಳಿ, ಕೊನೆಗೆ ಸೋಮಣ್ಣ ಅಂತ ಹಿಡಿದೆ," ಎಂದು ನಗುತ್ತಾ ಬರೆದುಕೊಂಡರು. ಕಲ್ಲತ್ತಿಗಿರಿಯ ದೇವರು ವೀರಭದ್ರ, ಹಾಗಾಗಿ ಅವರು ಬರೆದದ್ದು ವೀರಭದ್ರಪ್ಪ. ನಿಮ್ಮ ತಾತನ ಹೆಸರು ವೀರಣ್ಣ.

ಕರಡು ನನ್ನ ಕೈಗೆ ಬಂದಾಗ ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಅದೇ ಕಾಗದದಲ್ಲಿ ಮನೆಯಲ್ಲಿ ಎಲ್ಲರೂ ಗಂಗಿ ಎನ್ನುವ ನಾನು 'ವಾದಿ ಶ್ರೀಮತಿ ಗಂಗಮ್ಮ' ಆಗಿದ್ದೆ. ಹುಣಸೆಮರದ ಹೊಲ ಸರ್ವೆ ನಂಬರು ಆಗಿತ್ತು. ಭಾವ ಒಂದನೇ ಪ್ರತಿವಾದಿ ಆಗಿದ್ದರು. ಎಲ್ಲರಿಗೂ ಕೋರ್ಟಿನ ಬಟ್ಟೆ ತೊಡಿಸಿದ ಹಾಗೆ ಅವರ ಹೆಸರಿಗೂ ತೊಡಿಸಿದ್ದಾರೆ ಎಂದುಕೊಂಡೆ. ಕೇಳೋಣವೆಂದರೆ, ಕೇಳಲು ಹೆಸರು ಹೇಳಬೇಕು. ಸುಮ್ಮನಾದೆ.

ಕೆಲಸದ ಕ್ರಮವನ್ನು ಗುಮಾಸ್ತರು ಚೆನ್ನಾಗಿ ಕಲಿಸಿದ್ದರು. ಹಾಳೆಯ ಎಡಗಡೆ ನಾಲ್ಕು ಬೆರಳು ಅಂಚು ಬಿಡಬೇಕು, ಹೊಲಿಯಲು. ಸರ್ವೆ ನಂಬರನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ಜಮೀನಿನ ಚೆಕ್ಕುಬಂದಿ, ಎಂದರೆ ನಾಲ್ಕು ದಿಕ್ಕಿನ ಎಲ್ಲೆ, ಯಾವಾಗಲೂ ಪೂರ್ವದಿಂದ ಶುರು. ಹೊಡೆದು ಹಾಕಿದ ಮಾತಿದ್ದರೆ ಆ ಪುಟವೇ ಬೇಡ, ಮತ್ತೆ ಬರೆ. ಎಲ್ಲಕ್ಕಿಂತ ಮುಖ್ಯವಾಗಿ, ನಕಲು ಮುಗಿದ ಮೇಲೆ ತಾಳೆ ನೋಡಬೇಕು. ಒಬ್ಬರು ನಕಲನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟುಕೊಂಡು ಬರಬೇಕು.

ನನ್ನ ದಾವೆಯ ನಾಲ್ಕು ಪ್ರತಿಗಳನ್ನು ಅಜ್ಜಂಪುರದ ಮನೆಯ ಹಿತ್ತಲ ಜಗಲಿಯಲ್ಲಿ ಕೂತು ಬರೆದೆ. ಅಣ್ಣ ಮಂಡಿಯಿಂದ ಬಂದ ಮೇಲೆ ತಾಳೆ ನೋಡಲು ಕೂತೆವು. ನಾನು ಓದಿದೆ. ಆ ಜಾಗ ಬಂದಾಗ ನಾಲಿಗೆ ನಿಂತಿತು. ದೇವರ ಹೆಸರೇ ಆದರೂ ಅದರೊಳಗೆ ಅವರ ಹೆಸರಿತ್ತು. ಬಿಟ್ಟು ಮುಂದಕ್ಕೆ ಹೋದೆ: "...ನವರ ವಿಧವೆ ಗಂಗಮ್ಮ ಎಂಬ ವಾದಿಯು." ಅಣ್ಣನಿಗೆ ನಮ್ಮ ಪದ್ಧತಿ ಗೊತ್ತು. ನನಗೆ ಮುಜುಗರವಾಗಬಾರದೆಂದು ಅವನು ಆ ಗಳಿಗೆ ಕಾಗದದಿಂದ ಕಣ್ಣು ತೆಗೆದು ಹಿತ್ತಲ ಕಡೆ ನೋಡಿದ. ನಾಲ್ಕು ಪ್ರತಿ, ನಾಲ್ಕು ಸಲ ಬಿಟ್ಟೆ, ನಾಲ್ಕು ಸಲವೂ ಅವನು ಬೇರೆ ಕಡೆ ನೋಡಿದ. ತಪ್ಪನ್ನು ಹಿಡಿಯಬಲ್ಲವನು ಅವನೊಬ್ಬನೇ ಇದ್ದ.

ಭಾವನ ಕಡೆಯ ಜವಾಬು ಬಂದ ವಾಯಿದೆಯಲ್ಲಿ ನಾನು ಕೋರ್ಟಿನ ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಅವರ ವಕೀಲರು ಎದ್ದು ನಿಂತು ಓದಿದರು. ವಾದಿಯು ತಾನು ವೀರಭದ್ರಪ್ಪನ ವಿಧವೆ ಎನ್ನುತ್ತಾಳೆ. ಹಳೆಯ ಖಾತೆಯಲ್ಲಿರುವ ವೀರಭದ್ರಪ್ಪ ಪ್ರತಿವಾದಿಯ ಅಜ್ಜ. ಆತ ಹಣ್ಣುಹಣ್ಣು ಮುದುಕನಾಗಿ ಸತ್ತಾಗ ವಾದಿ ಇನ್ನೂ ಹುಟ್ಟಿರಲಿಲ್ಲ. ಈಕೆ ಯಾರೋ ಪರಕೀಯಳು, ದಾವೆ ವಜಾ ಮಾಡಬೇಕು.

ಕೋರ್ಟಿನಲ್ಲಿ ಕೂತಿದ್ದವರು ನಕ್ಕರು. ಜವಾನ ಕೂಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಭಾವ ಮಾತ್ರ ನಗಲಿಲ್ಲ. ಅವರು ತಮ್ಮನ ಹೆಂಡತಿಯ ಮುಖ ನೋಡುವ ಹಾಗಿಲ್ಲ, ನಾನು ಅವರ ಮುಂದೆ ನಿಲ್ಲುವ ಹಾಗಿಲ್ಲ. ಒಂದೇ ಕೋಣೆಯಲ್ಲಿ ಇಬ್ಬರೂ ಎರಡು ಗೋಡೆ ನೋಡಿಕೊಂಡು ನಿಂತಿದ್ದೆವು.

ಆಫೀಸಿಗೆ ಬಂದ ಮೇಲೆ ಗುಮಾಸ್ತರ ಮುಖ ಬಿಳಿಚಿತ್ತು. ವಕೀಲರು ಅವರನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. "ಓದಿ ಸಹಿ ಹಾಕಿದವನು ನಾನು," ಎಂದರು. "ತಿದ್ದುಪಡಿಗೆ ಅರ್ಜಿ ಹಾಕೋಣ. ಆದ್ರೆ ಅವರು ಸುಮ್ನೆ ಬಿಡಲ್ಲ. ನೀನು ಕಟಕಟೆ ಹತ್ತಿ ಗಂಡನ ಹೆಸರು ಹೇಳ್ಬೇಕಾಗುತ್ತೆ, ತಾಯಿ," ಎಂದರು.

ನಾನು ಒಂದು ಹಾಳೆಯ ಮೇಲೆ, 'ತಾವೇ ಹೇಳಲಾಗದೆ? ವಕಾಲತ್ತು ಕೊಟ್ಟಿದ್ದೇನೆ' ಎಂದು ಬರೆದು ಅವರ ಮುಂದೆ ಸರಿಸಿದೆ.

ಅವರು ಓದಿ ತಲೆಯಾಡಿಸಿದರು. "ವಕಾಲತ್ತಲ್ಲಿ ವಾದ ಬರುತ್ತೆ, ಸಾಕ್ಷಿ ಬರಲ್ಲ. ಎಷ್ಟು ಪುಟ ಬರೆದುಕೊಟ್ರೂ ಆ ಒಂದು ಮಾತು ನನ್ನ ಹತ್ರ ಕೊಳ್ಳೋಕೆ ಸಿಗಲ್ಲ."

ಮೊದಲ ಸಲ ಕಟಕಟೆ ಹತ್ತಿದಾಗ ನಾನು ಹೇಳಲಿಲ್ಲ. ಮುನ್ಸೀಫರು ಎಳೆಯ ವಯಸ್ಸಿನವರು, ಒಳ್ಳೆಯ ಮಾತಿನಲ್ಲೇ ಕೇಳಿದರು. ಬರೆದು ತೋರಿಸುತ್ತಾಳೆ ಎಂದು ನಮ್ಮ ವಕೀಲರು ಬೇಡಿಕೊಂಡರು. ಎದುರು ವಕೀಲರು ಎದ್ದರು: "ಓದು ಬಲ್ಲವಳು ಸ್ವಾಮಿ, ಯಾರೋ ಹೇಳಿಕೊಟ್ಟದ್ದನ್ನ ಬರೀತಾಳೆ. ಸ್ವಂತ ಗಂಡನಾಗಿದ್ರೆ ಬಾಯಲ್ಲಿ ಬರಲಿ." ಕಟಕಟೆಯ ಮರವನ್ನು ಹಿಡಿದುಕೊಂಡಿದ್ದೆ. ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಮುನ್ಸೀಫರು ಗಡಿಯಾರ ನೋಡಿ, ಎದುರಿನವರ ಖರ್ಚು ಕೊಡಬೇಕೆಂದು ಬರೆಸಿ, ಮೂರು ತಿಂಗಳ ಮುಂದಕ್ಕೆ ವಾಯಿದೆ ಹಾಕಿದರು.

ಆ ಮೂರು ತಿಂಗಳಲ್ಲಿ ಭಾವ ಕೆರೆಯ ಕೆಳಗಿನ ಎರಡೂವರೆ ಎಕರೆ ಗದ್ದೆಯನ್ನು ಒಬ್ಬ ಭತ್ತದ ವ್ಯಾಪಾರಿಗೆ ಕ್ರಯ ಮಾಡಿ ರಿಜಿಸ್ಟರಿ ಮಾಡಿಕೊಟ್ಟರು. ಆ ಸುದ್ದಿಯನ್ನು ಸಿಂಗಟಗೆರೆಯಿಂದ ಸಂತೆಗೆ ಬಂದವರು ಅಣ್ಣನಿಗೆ ಹೇಳಿದರು. ಅಣ್ಣ ಬಂದು ನನಗೆ ಹೇಳಿ, ಊಟ ಮಾಡದೆ ಮಲಗಿದ. ನಾನು ಅವತ್ತು ಬರೆಯಬೇಕಾಗಿದ್ದ ಹನ್ನೆರಡು ಪುಟ ಬರೆದೆ. ಯಾರದೋ ಬೇಲಿಯ ಜಗಳದ ಅರ್ಜಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿ ದಾರಿ. ಕೈ ಬರೆಯುತ್ತಲೇ ಇತ್ತು. ಗದ್ದೆ ಹೋದದ್ದು ಭಾವನ ದುರಾಸೆಯಿಂದ, ಅದು ನಿಜ. ಆದರೆ ಆ ಮೂರು ತಿಂಗಳನ್ನು ಅವರ ಕೈಗೆ ಕೊಟ್ಟದ್ದು ನನ್ನ ಬಾಯಿ.

ಅದಾದ ಮೇಲೆ ನಾನು ಹೇಳಲು ಕಲಿಯಲು ಹೊರಟೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಬಾವಿಯ ಹತ್ತಿರ ನಿಂತು ಮೊದಲ ಅಕ್ಷರ ಹೇಳುತ್ತಿದ್ದೆ. ಎರಡನೆಯದಕ್ಕೆ ಹೋಗಲಾಗುತ್ತಿರಲಿಲ್ಲ. ಒಂದು ದಿನ ಅತ್ತೆ ಕೇಳಿಸಿಕೊಂಡಳು.

"ಏನೇ ಅದು, ಬಾವಿಗೆ ಮಂತ್ರ ಹೇಳ್ತೀಯಾ?"

"ಹೆಸರು ಹೇಳ್ಬೇಕಂತೆ ಅತ್ತೆ."

"ಹೆಸರು ಹೇಳಿದ್ರೆ ಗಂಡಂಗೆ ಆಯಸ್ಸು ಕಮ್ಮಿ ಕಣೇ."

"ಅವರಿಗೆ ಇನ್ನೆಲ್ಲೈತೆ ಅತ್ತೆ ಆಯಸ್ಸು?"

ಅತ್ತೆ ಬಾವಿಯ ಹಗ್ಗ ಸುತ್ತಿ ಬದಿಗಿಟ್ಟಳು. "ಅದೂ ದಿಟವೇ," ಎಂದಳು. "ಆದ್ರೂ ಹೇಳಿದ ಮೇಲೆ ಪೂರಾ ಹೋಗ್ಬಿಡ್ತಾರೆ ನೋಡು."

ಅವಳು ಹೇಳಿದ ಮೇಲೆಯೇ ನನಗೆ ಗೊತ್ತಾಯಿತು, ನಾನು ಹೆದರಿದ್ದು ಕೋರ್ಟಿಗಲ್ಲ. ಹೇಳದೆ ಇರುವವರೆಗೂ ನಾನು ಅವರ ಆಯಸ್ಸು ಕಾಯುತ್ತಿದ್ದೆ. ಪಕ್ಕದಲ್ಲಿ ನಿಮ್ಮಮ್ಮ ಬೆಣಚುಕಲ್ಲು ಆಡುತ್ತಿದ್ದಳು. ಅವಳ ಲಂಗ ಅತ್ತಿಗೆಯ ಮಗಳ ಹಳೆಯದು, ಎರಡು ಕಡೆ ತೇಪೆ. ಮಗುವಿನ ಅನ್ನ ಒಂದು ಕಡೆ, ಸತ್ತವರ ಆಯಸ್ಸು ಇನ್ನೊಂದು ಕಡೆ. ಹೇಳುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ. ಆದರೆ ಬಾವಿಗೆ ಹೇಳುವುದಿಲ್ಲ. ಹೇಳುವುದಾದರೆ ಎಲ್ಲಿ ಬೇಕೋ ಅಲ್ಲಿ, ಒಂದೇ ಸಲ. ಅಭ್ಯಾಸ ನಿಲ್ಲಿಸಿದೆ.

ವಾಯಿದೆಯ ದಿನ ಜವಾನ ಮೂರು ಸಲ ಕೂಗಿದ. ನಾನು ಹತ್ತಿದೆ. ಮುನ್ಸೀಫರು ಕೇಳಿದರು.

"ವೀರಣ್ಣ."

"ಕೇಳಿಸಲಿಲ್ಲಮ್ಮ, ಗಟ್ಟಿಯಾಗಿ."

"ವೀರಣ್ಣ."

ಬರೆದುಕೊಳ್ಳುವವರು ತಲೆ ಎತ್ತಿ, "ಈರಣ್ಣನೋ ವೀರಣ್ಣನೋ?" ಎಂದರು.

"ವೀರಣ್ಣ," ಎಂದೆ. ಒಂದೇ ಸಲ ಎಂದುಕೊಂಡದ್ದು ಮೂರು ಸಲವಾಯಿತು. ಭಾವ ಇದ್ದ ಕಡೆಯಿಂದ ಒಂದು ಸಣ್ಣ ಸದ್ದು ಬಂತು, ಕೆಮ್ಮೋ ಏನೋ. ಅವರ ತಮ್ಮನ ಹೆಸರನ್ನು ಬಹಳ ದಿನದಿಂದ ಅವರೂ ಕೇಳಿರಲಿಲ್ಲ.

ಎದುರು ವಕೀಲರು ಬಿಡಲಿಲ್ಲ. "ಹಾಗಾದ್ರೆ ಮೊದಲು ಕೊಟ್ಟ ಅರ್ಜಿ ಸುಳ್ಳೋ?"

"ತಪ್ಪು ಸ್ವಾಮಿ."

"ಯಾರ ತಪ್ಪು? ಗುಮಾಸ್ತರದೋ?"

ಗುಮಾಸ್ತರು ಬಾಗಿಲ ಹತ್ತಿರ ನಿಂತಿದ್ದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. "ಆ ಕಾಗದ ಬರೆದವಳು ನಾನೇ," ಎಂದೆ. "ಬರೆಯುವಾಗ ನೋಡಿದೆ. ಓದುವಾಗ ಬಿಟ್ಟೆ."

ಮುನ್ಸೀಫರು ಲೇಖನಿ ಕೆಳಗಿಟ್ಟು, "ಯಾಕೆ ಬಿಟ್ರಿ?" ಎಂದು ಕೇಳಿದರು.

"ಅದರೊಳಗೆ ಅವರ ಹೆಸರಿತ್ತು."

ಯಾರೂ ನಗಲಿಲ್ಲ. ತಿದ್ದುಪಡಿಗೆ ಅಪ್ಪಣೆಯಾಯಿತು, ಖರ್ಚು ಮತ್ತೆ ನಮ್ಮ ಮೇಲೆಯೇ.

ಕೇಸು ಮುಗಿಯಲು ಇನ್ನೂ ಎರಡು ವರ್ಷ ಹಿಡಿಯಿತು. ಹೊಲದಲ್ಲಿ ಅರ್ಧ, ಒಂದೂಕಾಲು ಎಕರೆ, ನಮ್ಮದೆಂದಾಯಿತು. ಗದ್ದೆ ಕೊಂಡವನನ್ನೂ ಕೇಸಿಗೆ ಎಳೆಯಬಹುದು, ಇನ್ನೈದು ವರ್ಷ ಆಗಬಹುದು ಎಂದು ವಕೀಲರು ಹೇಳಿದರು. "ಪುಟದ ಲೆಕ್ಕದಲ್ಲೇ ನಡೆಸೋಣ, ನೀನು ಹೆದರಬೇಡ," ಎಂದರು. ನಾನು ಬೇಡ ಎಂದೆ. ಆಗ ಅವರಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು, ನನಗೆ ಕಣ್ಣಿನ ಮುಂದೆ ಸಾಲುಗಳು ಕಲೆಯುತ್ತಿದ್ದವು. ತೀರ್ಪು ಬಂದ ವರ್ಷವೇ ಅವರು ತೀರಿಕೊಂಡರು. ನನ್ನ ಕಡೆ ನಲವತ್ತು ಪುಟ ಬಾಕಿ ಇತ್ತು. ಗುಮಾಸ್ತರು ಯಾರಿಗೂ ಬೇಕಿಲ್ಲ ಬಿಡಮ್ಮ ಎಂದರು. ಅವರ ಹತ್ತಿರ ಕೇಳಿ, ವಕೀಲರ ಕೊನೆಯ ಕೇಸುಗಳ ಕಾಗದ ತಂದು ಬರೆದುಕೊಟ್ಟೆ. ತಾಳೆ ನೋಡಲು ಅಣ್ಣ ಕೂತ. ಬೇರೆಯವರ ಗಂಡಂದಿರ ಹೆಸರುಗಳನ್ನು ಒಂದೂ ಬಿಡದೆ ಓದಿದೆ.

ಆ ಒಂದೂಕಾಲು ಎಕರೆಯ ರಾಗಿಯಲ್ಲಿ ನಿಮ್ಮಮ್ಮ ಬೆಳೆದಳು. ಅವಳು ತನ್ನ ಮೊದಲ ಮಗನಿಗೆ ಅಪ್ಪನ ಹೆಸರಿಟ್ಟಳು. ಅಜ್ಜಿ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾಳೆ, ನನ್ನನ್ನು ಮಾತ್ರ ಮರಿ ಅಂತಾಳೆ ಎಂದು ಅವನಿಗೆ ಬೇಸರವಿದೆ. ಬೇಸರ ಮಾಡಿಕೊಳ್ಳಬೇಡ ಕಣೋ. ಆ ಮಾತು ನನ್ನಲ್ಲಿ ಮೂರು ಸಲಕ್ಕೆ ಮುಗಿಯಿತು.

ಹಂಡೆಯ ಒಳಗೆ ಬಟ್ಟೆ ಸುತ್ತಿಟ್ಟ ಕಾಗದಗಳಿವೆ. ಅವುಗಳ ಜೊತೆ ಇದನ್ನೂ ಇಡುತ್ತೇನೆ. ನಿಮ್ಮಲ್ಲಿ ಯಾರಾದರೂ ಇದನ್ನು ನಕಲು ಮಾಡಿದರೆ ಒಬ್ಬರು ಗಟ್ಟಿಯಾಗಿ ಓದಿ, ಒಬ್ಬರು ಬೆರಳಿಟ್ಟು ನೋಡಿ. ಹೆಸರು ಬಂದ ಕಡೆ ಬಿಡಬೇಡಿ.